ಬೆಟ್ಟದ ಮೇಲಿನ ಗುಟ್ಟು

(ಬಳಗದ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಯುದ್ಧಕಾಲದಲ್ಲಿ ಅನ್ಯಾಯದ ಆಳ್ವಿಕೆಗೆ ಎದುರು ನಿಂತವರ ಕುರಿತು ಮಾತಾಡಬೇಕೆಂದು ಕಾರ್ಯದರ್ಶಿಗಳು ಕೇಳಿದರು. ನಿಮ್ಮಲ್ಲಿ ಹೆಚ್ಚಿನವರು ಬೊನ್‌ಹೋಫರ್ ಅವರ ಹೆಸರನ್ನು ಎದುರುನೋಡಿರಬಹುದು. ನಮ್ಮ ಸಭೆಗಳಲ್ಲಿ ಅವರ ಹೆಸರು ಬಾರದ ವರ್ಷವಿಲ್ಲ, ಬರಬೇಕಾದದ್ದೇ. ಹಿಟ್ಲರನ ವಿರುದ್ಧದ ಒಳಸಂಚಿನಲ್ಲಿ ಸೇರಿ, ಅದರ ಪಾಪದ ಭಾರವನ್ನು ತಿಳಿದೂ ತಿಳಿದೇ ಹೆಗಲಿಗೇರಿಸಿಕೊಂಡ ಪಾದ್ರಿ ಅವರು. 1945ರ ಏಪ್ರಿಲ್ 9ರಂದು, 39ನೆಯ ವಯಸ್ಸಿನಲ್ಲಿ, ಗಲ್ಲಿಗೇರಿದರು. ಆದರೆ ಒಂದು ಮಾತು. ಆ ಭಾರವನ್ನು ಹೊತ್ತು ಮುದುಕರಾಗುವ ಪಾಡು ಅವರಿಗೆ ಬರಲಿಲ್ಲ. ಹೋರಾಟ ಮುಗಿದ ಮೇಲೆ ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ಪ್ರತಿದಿನ ಬೆಳಿಗ್ಗೆ ಕಾರ್ಖಾನೆಗೆ ಹೋಗುತ್ತಾ, ಆ ನೆನಪನ್ನು ಒಳಗಿಟ್ಟುಕೊಂಡು 43 ವರ್ಷ ಬಾಳಿದ ಒಬ್ಬನ ಕಥೆ ನಮ್ಮಂಥ ದುಡಿಯುವವರಿಗೆ ಹೆಚ್ಚು ಹತ್ತಿರದ್ದೆಂದು ನನಗನ್ನಿಸಿತು. ಆದ್ದರಿಂದ ಇವತ್ತು ಪ್ರೀಮೊ ಲೇವಿಯ ಮಾತು.

ಇವನು ಕ್ರೈಸ್ತನಲ್ಲ. ಇಟಲಿಯ ಟ್ಯೂರಿನ್ ನಗರದ ಯೆಹೂದ್ಯ ಮನೆತನದವನು, 1919ರ ಜುಲೈ 31ರಂದು ಹುಟ್ಟಿದವನು. ದೇವರಲ್ಲಿ ನಂಬಿಕೆಯೂ ಇರಲಿಲ್ಲ. ಕ್ರೈಸ್ತರ ಕೂಟದಲ್ಲಿ ಇವನ ಮಾತೇಕೆ ಎಂದು ಯಾರಾದರೂ ಕೇಳಿದರೆ, ಇವನನ್ನೂ ಇವನ ಜನರನ್ನೂ ಆ ಗತಿಗೆ ತಂದ ದೇಶಗಳೆಲ್ಲ ದೀಕ್ಷಾಸ್ನಾನ ಪಡೆದ ದೇಶಗಳು, ಭಾನುವಾರ ಗಂಟೆ ಬಾರಿಸುತ್ತಿದ್ದ ದೇಶಗಳು ಎಂದಷ್ಟೇ ಹೇಳುತ್ತೇನೆ. ನಾವು ತಲೆ ತಗ್ಗಿಸಿ ಕೇಳಬೇಕಾದ ಕಥೆ ಇದು.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. 1938ರಲ್ಲಿ ಮುಸೊಲಿನಿಯ ಸರಕಾರ ಯೆಹೂದ್ಯರ ವಿರುದ್ಧ ಜನಾಂಗದ ಕಾನೂನುಗಳನ್ನು ತಂದಿತು. ಲೇವಿ ಆಗಲೇ ಕಾಲೇಜಿಗೆ ಸೇರಿದ್ದರಿಂದ ಓದು ಮುಗಿಸಲು ಬಿಟ್ಟರು; 1941ರಲ್ಲಿ ರಸಾಯನಶಾಸ್ತ್ರದಲ್ಲಿ ಮೇಲ್ದರ್ಜೆಯಲ್ಲಿ ತೇರ್ಗಡೆಯಾದ. ಪದವಿಯ ಪತ್ರದ ಮೇಲೆ ಯೆಹೂದ್ಯ ಜನಾಂಗದವನು ಎಂದು ಬರೆದುಕೊಟ್ಟರು. ಅಲ್ಲಿ ಇಲ್ಲಿ ಮರೆಯಲ್ಲಿ ಕೆಲಸ ಮಾಡಿದ. 1943ರ ಜುಲೈಯಲ್ಲಿ ಮುಸೊಲಿನಿ ಬಿದ್ದ; ಸೆಪ್ಟೆಂಬರ್ 8ರಂದು ಇಟಲಿ ಶರಣಾದ ಸುದ್ದಿ ಬಂತು; ಕೂಡಲೇ ಜರ್ಮನರ ಸೈನ್ಯ ಇಟಲಿಯ ಉತ್ತರಭಾಗವನ್ನೆಲ್ಲ ಹಿಡಿದುಕೊಂಡಿತು. ಸಾವಿರಾರು ಹುಡುಗರು ಬೆಟ್ಟ ಹತ್ತಿದರು. 24 ವರ್ಷದ ಲೇವಿಯೂ ಅವೋಸ್ತಾ ಕಣಿವೆಯಲ್ಲಿ ಅಮೇ ಎಂಬ ಸಣ್ಣ ಹಳ್ಳಿಗೆ ಹೋಗಿ ಒಂದು ಗುಂಪು ಸೇರಿದ.

ಅದನ್ನು ಗುಂಪು ಎನ್ನುವುದೇ ಕಷ್ಟ. ಕೈಬೆರಳಲ್ಲಿ ಎಣಿಸಬಹುದಾದಷ್ಟು ಜನ, ಕೈಯಲ್ಲಿ ಆಯುಧವಿಲ್ಲ, ಹಣವಿಲ್ಲ, ಯುದ್ಧ ಬಲ್ಲವರಿಲ್ಲ. ಲೇವಿಯ ಹತ್ತಿರ ಮುತ್ತಿನಚಿಪ್ಪು ಕೂರಿಸಿದ ಒಂದು ಪುಟ್ಟ ಪಿಸ್ತೂಲಿತ್ತಂತೆ. ಸಿನಿಮಾದಲ್ಲಿ ಶ್ರೀಮಂತ ಹೆಂಗಸರು ಹಿಡಿಯುವಂಥದ್ದು, ಅದನ್ನು ಹೇಗೆ ಹಾರಿಸಬೇಕೆಂಬುದೂ ತನಗೆ ಸರಿಯಾಗಿ ಗೊತ್ತಿರಲಿಲ್ಲ ಎಂದು ಅವನೇ ನಗುತ್ತಾ ಬರೆದಿದ್ದಾನೆ. ತನ್ನ ಹೋರಾಟವನ್ನು ದೊಡ್ಡದು ಮಾಡಿ ತೋರಿಸುವ ಚಟ ಅವನಿಗಿರಲಿಲ್ಲ. ಈ ಗುಣ ನನಗೆ ಬಹಳ ಹಿಡಿಸುತ್ತದೆ. ನಮ್ಮಲ್ಲಿ ಒಂದು ದಿನದ ಧರಣಿಯಲ್ಲಿ ಕೂತವರೂ ಹತ್ತು ವರ್ಷದ ಮೇಲೆ ಸೆರೆಮನೆ ಕಂಡವರ ಹಾಗೆ ಮಾತಾಡುವುದುಂಟು.

ಈಗ ವಿಷಯಕ್ಕೆ ಬರುತ್ತೇನೆ. 1943ರ ಡಿಸೆಂಬರ್ 9ರಂದು ಆ ಬೆಟ್ಟದ ಹಿಮದಲ್ಲಿ ಇಬ್ಬರು ಹುಡುಗರ ಕೊಲೆಯಾಯಿತು. ಒಬ್ಬ ಫುಲ್ವಿಯೊ ಒಪೆತ್ಸೊ, 18 ವರ್ಷ. ಇನ್ನೊಬ್ಬ ಲೂಚಿಯಾನೊ ಜಬಲ್ದಾನೊ, 17 ವರ್ಷ. ಇಬ್ಬರೂ ಇವರದೇ ಗುಂಪಿನವರು. ಕೊಂದವರೂ ಇವರದೇ ಗುಂಪಿನವರು. ಊರವರಲ್ಲಿ ಬಲವಂತದಿಂದ ಕಿತ್ತುಕೊಂಡು, ಗುಂಪಿಗೆ ಅಪಾಯ ತಂದಿಟ್ಟರು ಎಂಬುದು ಅವರ ಮೇಲಿದ್ದ ಆಪಾದನೆಯೆಂದು ಇತಿಹಾಸಕಾರರು ಊಹಿಸುತ್ತಾರೆ. ವಿಚಾರಣೆಯ ಕಟಕಟೆಯಿಲ್ಲ, ವಕೀಲನಿಲ್ಲ. ಮುನ್ಸೂಚನೆ ಕೊಡದೆ ಹಿಂದಿನಿಂದ ಗುಂಡು ಹೊಡೆದರು.

ಒಂದು ಕ್ಷಣ ಆ ಹುಡುಗರ ವಯಸ್ಸನ್ನು ಮನಸ್ಸಿಗೆ ತಂದುಕೊಳ್ಳಿ. ಇಲ್ಲಿ ಕೂತಿರುವವರಲ್ಲಿ ಅನೇಕರ ಮಕ್ಕಳು ಆ ವಯಸ್ಸಿಗೆ ಐ.ಟಿ.ಐ. ಸೇರುತ್ತಾರೆ. ಬೆಟ್ಟ ಹತ್ತಿದ್ದು ಆದರ್ಶದಿಂದಲೋ, ಜರ್ಮನರ ಸೈನ್ಯಕ್ಕೆ ಬಲವಂತವಾಗಿ ಸೇರಿಸಿಕೊಂಡಾರೆಂಬ ಭಯದಿಂದಲೋ, ಹುಡುಗುಬುದ್ಧಿಯಿಂದಲೋ. ಕೈಗೆ ಬಂದೂಕು ಸಿಕ್ಕಿದ ಆ ವಯಸ್ಸಿನವರು ಏನೆಲ್ಲ ಮಾಡಬಹುದೆಂದು ಹೇಳಬೇಕಾಗಿಲ್ಲ. ಇನ್ನೊಂದು ಕಡೆಯಿಂದಲೂ ನೋಡಬೇಕು. ಹಳ್ಳಿಯವರು ಮುನಿದು ಒಂದು ಮಾತು ಕೆಳಗಿನ ಊರಿಗೆ ಮುಟ್ಟಿಸಿದರೆ ಬೆಟ್ಟದಲ್ಲಿರುವ ಎಲ್ಲರ ಪ್ರಾಣವೂ ಹೋಗುತ್ತದೆ. ಸೆರೆಯಲ್ಲಿಡಲು ಕೋಣೆಯಿಲ್ಲ, ಓಡಿಸಿಬಿಟ್ಟರೆ ಶತ್ರುವಿನ ಕೈಗೆ ಸಿಕ್ಕುತ್ತಾರೆ. ಅಂಥಾ ರಾತ್ರಿ ನಾವಿದ್ದರೆ ಏನು ಮಾಡುತ್ತಿದ್ದೆವು? ಬೆಚ್ಚಗೆ ಕುರ್ಚಿಯ ಮೇಲೆ ಕೂತು ತೀರ್ಪು ಹೇಳುವವನ ಮಾತಿಗೆ ಬೆಲೆಯಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಕೊಲೆಗೆ ಕೊಲೆ ಎಂಬ ಹೆಸರು ತಪ್ಪುವುದಿಲ್ಲ. ಲೇವಿಯೂ ಅದನ್ನು ತಪ್ಪಿಸಲಿಲ್ಲ.

ನಾಲ್ಕೇ ದಿನ ಕಳೆಯಿತು. ಡಿಸೆಂಬರ್ 13ರ ನಸುಕಿನಲ್ಲಿ ಫ್ಯಾಸಿಸ್ಟ್ ಪಡೆ ಬೆಟ್ಟವನ್ನು ಸುತ್ತಿತು. ಅವರು ಹುಡುಕಿಕೊಂಡು ಹೊರಟಿದ್ದದ್ದು ಪಕ್ಕದ ಕಣಿವೆಯ ಬೇರೊಂದು ದೊಡ್ಡ ಗುಂಪನ್ನು. ಕೈಗೆ ಸಿಕ್ಕಿದವರು ಇವರು. ಗುಂಪಿನೊಳಗೆ ಮೊದಲೇ ಗೂಢಚಾರರು ಸೇರಿಕೊಂಡಿದ್ದರು. ಲೇವಿ ತನ್ನ ಪುಟ್ಟ ಪಿಸ್ತೂಲನ್ನು ಒಲೆಯ ಬೂದಿಯೊಳಗೆ ತುರುಕಿದ. ಅವನ ಜೊತೆ ಸಿಕ್ಕಿಬಿದ್ದವರಲ್ಲಿ ಇಬ್ಬರು ಯೆಹೂದ್ಯ ಹೆಣ್ಣುಮಕ್ಕಳು, ವಾಂದಾ ಮಯೆಸ್ತ್ರೊ ಮತ್ತು ಲೂಚಿಯಾನಾ ನಿಸ್ಸಿಂ. ಬಂಡುಕೋರನೆಂದರೆ ಗೋಡೆಗೆ ನಿಲ್ಲಿಸಿ ಗುಂಡು, ಯೆಹೂದ್ಯನೆಂದರೆ ಶಿಬಿರ ಎಂದು ವಿಚಾರಣೆಯಲ್ಲಿ ತಿಳಿಯಿತು. ತಾನು ಯೆಹೂದ್ಯನೆಂದು ಲೇವಿ ಒಪ್ಪಿಕೊಂಡ. ಸ್ವಲ್ಪ ಬಳಲಿಕೆಯಿಂದ, ಸ್ವಲ್ಪ ಅಭಿಮಾನದಿಂದ ಹಾಗೆ ಹೇಳಿದೆ ಎಂದು ಅವನ ವಿವರಣೆ.

ಈ ಹಿಡಿಯಲ್ಪಟ್ಟ ಕಥೆಯನ್ನು ಅವನು 1975ರಲ್ಲಿ ಪ್ರಕಟವಾದ 'ಆವರ್ತಕ ಕೋಷ್ಟಕ' ಎಂಬ ಪುಸ್ತಕದಲ್ಲಿ ಹೇಳುತ್ತಾನೆ. ಒಂದೊಂದು ಮೂಲಧಾತುವಿನ ಹೆಸರಿನಲ್ಲಿ ಒಂದೊಂದು ಅಧ್ಯಾಯ, ಒಟ್ಟು 21. ಬೆಟ್ಟದ ಕಥೆ 'ಚಿನ್ನ' ಎಂಬ ಅಧ್ಯಾಯದಲ್ಲಿದೆ. ಅಲ್ಲಿ ನಡುವೆ ಕೆಲವೇ ಸಾಲುಗಳಲ್ಲಿ ಅವನು ಒಂದು ಕೊಳಕು ಗುಟ್ಟಿನ ಪ್ರಸ್ತಾಪ ಮಾಡುತ್ತಾನೆ. ಮನಸ್ಸಾಕ್ಷಿಗೆ ಕಟ್ಟುಬಿದ್ದು ಒಂದು ಶಿಕ್ಷೆಯನ್ನು ವಿಧಿಸಬೇಕಾಯಿತು, ಜಾರಿ ಮಾಡಿಯೂ ಆಯಿತು, ಆಮೇಲೆ ತಮ್ಮೊಳಗೆ ಏನೂ ಉಳಿಯಲಿಲ್ಲ, ಎಲ್ಲವೂ ಮುಗಿದುಹೋಗಲಿ ಎನ್ನಿಸಿತು, ಹೋರಾಡುವ ಮನಸ್ಸಷ್ಟೇ ಅಲ್ಲ ಬದುಕುವ ಮನಸ್ಸೂ ಆರಿತು ಎಂಬರ್ಥದ ಮಾತು. ಯಾರನ್ನು, ಏಕೆ, ಯಾರು ಎಂದು ಇಲ್ಲ.

ಕನ್ನಡದಲ್ಲಿ ಕ್ರಿಯಾಪದವೇ ಯಾರು ಮಾಡಿದರೆಂದು ಹೇಳಿಬಿಡುತ್ತದೆ; ಇಟಲಿಯ ಭಾಷೆಯಲ್ಲೂ ಹಾಗೆಯೇ. ಲೇವಿ ಅಲ್ಲಿ ಬಳಸಿದ್ದು 'ನಾವು'. ಅವನೇ ಗುಂಡು ಹಾರಿಸಿದನೆಂದು ಯಾವ ಇತಿಹಾಸಕಾರನೂ ತೋರಿಸಿಲ್ಲ. 'ಅವರು ಮಾಡಿದರು, ನಾನು ಬದಿಯಲ್ಲಿದ್ದೆ' ಎಂದು ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅಥವಾ ಏನೂ ಬರೆಯದೆ ಬಿಡಬಹುದಿತ್ತು. 32 ವರ್ಷ ಕಳೆದಿತ್ತು, ಲೋಕವೆಲ್ಲ ಅವನನ್ನು ಆಶ್ವಿಟ್ಜ್‌ನ ಸಾಕ್ಷಿಯೆಂದು ಗೌರವಿಸುತ್ತಿತ್ತು. ಅವನು 'ನಾವು' ಎಂದ. ಪಾಪದ ಅರಿಕೆಯ ಪ್ರಾರ್ಥನೆಯನ್ನು ವಾರವಾರವೂ ಬಹುವಚನದಲ್ಲಿ ಒಪ್ಪಿಸುವ ನಾವು ಆ 'ನಾವು' ಎಂಬುದರ ಮರೆಯಲ್ಲಿ ನಮ್ಮ ನಮ್ಮ ಪಾಪವನ್ನು ಅಡಗಿಸುವುದೇ ಹೆಚ್ಚು. ಲೇವಿಯ ಬಹುವಚನ ಬೇರೆ ಜಾತಿಯದು. ಅವನು ಅದರೊಳಗೆ ಅಡಗಲಿಲ್ಲ, ಹೊರಗುಳಿಯಬಹುದಾಗಿದ್ದವನು ಒಳಗೆ ಬಂದ.

ಅದಕ್ಕೂ ಮುಂಚೆ, 1952ರ ಅಕ್ಟೋಬರಿನಲ್ಲಿ ಅವನು ಒಂದು ಪದ್ಯ ಬರೆದಿದ್ದ; ಸಮಾಧಿಲೇಖ ಎಂದು ಅದರ ಹೆಸರು. ತನ್ನವರಿಂದಲೇ ಕೊಲ್ಲಲ್ಪಟ್ಟು ಬೆಟ್ಟದಲ್ಲಿ ಮಲಗಿದ ಒಬ್ಬ ಹೋರಾಟಗಾರ ದಾರಿಹೋಕನೊಡನೆ ಮಾತಾಡುತ್ತಾನೆ. ತನ್ನ ತಪ್ಪು ಸಣ್ಣದಲ್ಲವೆಂದು ಒಪ್ಪಿಕೊಳ್ಳುತ್ತಾನೆ. ದಾರಿಹೋಕನಿಂದ ಅವನು ಕ್ಷಮೆಯನ್ನೂ ಕೇಳುವುದಿಲ್ಲ, ಪ್ರಾರ್ಥನೆಯನ್ನೂ ಕಣ್ಣೀರನ್ನೂ ಕೇಳುವುದಿಲ್ಲ. ಮತ್ತೆ ಹೊಸ ರಕ್ತ ಈ ಮಣ್ಣಿಗೆ ಇಳಿಯದಿರಲಿ ಎಂಬುದೊಂದನ್ನೇ ಕೇಳುತ್ತಾನೆ. ಓದಿದವರು ಅದನ್ನು ಕವಿಕಲ್ಪನೆ ಎಂದುಕೊಂಡರು. ಸೆರ್ಜಿಯೊ ಲುತ್ಸಾತ್ತೊ ಎಂಬ ಇತಿಹಾಸಕಾರ 2013ರಲ್ಲಿ ತನ್ನ ಪುಸ್ತಕದಲ್ಲಿ ಈ ಕೊಲೆಯ ಹಿನ್ನೆಲೆಯನ್ನು ವಿಸ್ತಾರವಾಗಿ ಬರೆದ ಮೇಲೆಯೇ ಇಟಲಿಯ ಸಾಮಾನ್ಯ ಓದುಗರಿಗೆ ಅದು ಯಾರ ಸಮಾಧಿ ಎಂದು ಹೊಳೆದದ್ದು.

ಯುದ್ಧ ಮುಗಿದ ಮೇಲೆ ಆ ಇಬ್ಬರು ಹುಡುಗರನ್ನೂ ದೇಶಕ್ಕಾಗಿ ಮಡಿದ ಹೋರಾಟಗಾರರ ಪಟ್ಟಿಗೆ ಸೇರಿಸಿದ್ದರು. ಶತ್ರುವಿನ ಗುಂಡಿಗೆ ಬಿದ್ದವರು ಎಂಬಂತೆ. ಯಾರು ಬೇಡ ಎಂದಾರು? ತಾಯಂದಿರಿಗೆ ಸಮಾಧಾನ, ಊರಿಗೆ ಗೌರವ, ಕೊಂದವರಿಗೆ ಬಿಡುಗಡೆ. ಎಲ್ಲರಿಗೂ ಅನುಕೂಲವಾದ ಸುಳ್ಳು ಬಹಳ ದಿನ ಬಾಳುತ್ತದೆ.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಆಡಬೇಕು. ಕಾರ್ಮಿಕ ಸಂಘಗಳ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಳನ್ನು ನಾನು ಬಹಳ ಓದಿದ್ದೇನೆ. ಆಡಳಿತದವರ ಅನ್ಯಾಯ ಇರುತ್ತದೆ, ಪೊಲೀಸರ ಲಾಠಿ ಇರುತ್ತದೆ, ಗೆದ್ದ ಬೋನಸ್ಸಿನ ಲೆಕ್ಕವಿರುತ್ತದೆ. ಮುಷ್ಕರದ ಇಪ್ಪತ್ತನೆಯ ದಿನ, ಮನೆಯಲ್ಲಿ ಅಕ್ಕಿಯಿಲ್ಲವೆಂದು ತಲೆತಗ್ಗಿಸಿ ಗೇಟಿನೊಳಗೆ ಹೋದವನಿಗೆ ನಾವು ಏನು ಮಾಡಿದೆವು, ಅವನ ಹೆಂಡತಿ ನಲ್ಲಿಯ ಹತ್ತಿರ ಬಂದಾಗ ನಮ್ಮ ಹೆಂಗಸರು ಏನೆಂದರು ಎಂಬ ಪುಟ ಮಾತ್ರ ಯಾವ ಸಂಚಿಕೆಯಲ್ಲೂ ಇರುವುದಿಲ್ಲ. ನಮ್ಮ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ನ್ಯಾಯದ ಕಡೆಯಲ್ಲಿದ್ದೆವು ಎಂಬ ಕಾರಣಕ್ಕೇ ಆ ಪುಟ ಬರೆಯುವುದು ಕಷ್ಟ. ದಾವೀದ ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿದಾಗಲೂ ಸೈನ್ಯ ದೇವಜನರದ್ದೇ, ಯುದ್ಧ ಇಸ್ರಾಯೇಲರದ್ದೇ. ನಾತಾನ ಪ್ರವಾದಿ ಬಂದು ಒಂದು ಕುರಿಮರಿಯ ಕಥೆ ಹೇಳುವವರೆಗೆ ಅರಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಲೇವಿಗೆ ನಾತಾನ ಬರಲಿಲ್ಲ. ತನಗೆ ತಾನೇ ನಾತಾನನಾಗಬೇಕಾಯಿತು.

2013ರ ಪುಸ್ತಕದ ಮೇಲೆ ಇಟಲಿಯಲ್ಲಿ ದೊಡ್ಡ ಜಗಳವೇ ನಡೆಯಿತು. ಪ್ರತಿರೋಧದ ಹೋರಾಟಕ್ಕೆ ಮಸಿ ಬಳಿಯುತ್ತಿದ್ದಾನೆ, ಫ್ಯಾಸಿಸ್ಟರ ಕೈಗೆ ಕೋಲು ಕೊಡುತ್ತಿದ್ದಾನೆ ಎಂದು ಹಲವರು ಲುತ್ಸಾತ್ತೊನನ್ನು ಬೈದರು. ಆ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಲೇವಿಯ ಕಡೆಗೇ ತಿರುಗಿ ನೋಡಿದರೆ ಉತ್ತರವಿದೆ. ಕೊಂದವನನ್ನೂ ಕೊಲ್ಲಲ್ಪಟ್ಟವನನ್ನೂ ಒಂದೇ ತಕ್ಕಡಿಯಲ್ಲಿಡುವುದು ನೀತಿಗೆ ಹಿಡಿದ ರೋಗವೆಂದು ಅವನು ಖಂಡಿತವಾಗಿ ಬರೆದಿದ್ದಾನೆ. ತಾವು ಹಿಮದಲ್ಲಿ ಮಾಡಿದ್ದನ್ನು ಒಪ್ಪಿಕೊಂಡ ಅದೇ ಮನುಷ್ಯ ಜರ್ಮನರ ಅಪರಾಧವನ್ನು ಒಂದು ಕಾಳಿನಷ್ಟೂ ಕಡಿಮೆ ಮಾಡಿ ಹೇಳಲಿಲ್ಲ. ಎರಡೂ ಒಬ್ಬನ ಬಾಯಲ್ಲೇ ಬಂದವು.

ಶಿಬಿರದ ಕಥೆಗೆ ಬರೋಣ. 1944ರ ಫೆಬ್ರವರಿ 22ರಂದು ಫೊಸ್ಸೊಲಿ ಎಂಬಲ್ಲಿಂದ 650 ಜನರನ್ನು ಗೂಡ್ಸ್ ಗಾಡಿಯಲ್ಲಿ ತುಂಬಿ ಕಳಿಸಿದರು. ಆಶ್ವಿಟ್ಜ್ ಮುಟ್ಟಿದ ರಾತ್ರಿ ಅವರಲ್ಲಿ 500ಕ್ಕೂ ಹೆಚ್ಚು ಜನ ನೇರವಾಗಿ ಸಾವಿನ ಕೋಣೆಗೆ ಹೋದರು. ಉಳಿದವರನ್ನು ದುಡಿಮೆಗೆ ಇಟ್ಟುಕೊಂಡರು. ಲೇವಿಯ ತೋಳಿನ ಮೇಲೆ 174517 ಎಂಬ ಸಂಖ್ಯೆಯನ್ನು ಹಚ್ಚೆ ಹೊಯ್ದರು. ಅವನಿದ್ದದ್ದು ಮೊನೊವಿಟ್ಜ್‌ನಲ್ಲಿ, ಐ.ಜಿ. ಫಾರ್ಬೆನ್ ಎಂಬ ದೊಡ್ಡ ಕಂಪೆನಿ ಕೃತಕ ರಬ್ಬರಿಗಾಗಿ ಕಟ್ಟಿಸುತ್ತಿದ್ದ ಬೂನಾ ಕಾರ್ಖಾನೆಯಲ್ಲಿ. ಕೆಲಸ ಕಲಿಯದ ಕೈದಿಗೆ ದಿನಕ್ಕೆ 3 ಮಾರ್ಕ್, ಕಲಿತವನಿಗೆ 4 ಮಾರ್ಕ್ ಎಂದು ಕಂಪೆನಿ ಕೂಲಿ ಕೊಡುತ್ತಿತ್ತು, ಕೈದಿಗಲ್ಲ, ಎಸ್.ಎಸ್. ಪಡೆಗೆ. ಗುತ್ತಿಗೆ ಕೂಲಿಯ ಸ್ವಭಾವ ಬಲ್ಲವರಿಗೆ ನಾನು ವಿವರಿಸಬೇಕಿಲ್ಲ. ಆ ಕಾರ್ಖಾನೆಯಿಂದ ಒಂದು ಕಿಲೋ ರಬ್ಬರೂ ಹೊರಬರಲಿಲ್ಲವೆಂದು ಲೇವಿ ಬರೆಯುತ್ತಾನೆ.

ಅಲ್ಲಿಯ ಹಸಿವು, ಚಳಿ, ಹೊಡೆತಗಳನ್ನು ಕುರಿತು ಅವನ ಮೊದಲ ಪುಸ್ತಕದಲ್ಲಿ ಓದಬಹುದು. 1947ರಲ್ಲಿ ಒಂದು ಸಣ್ಣ ಪ್ರಕಾಶನ 2500 ಪ್ರತಿ ಅಚ್ಚು ಹಾಕಿತು, ಆಗ ಕೊಂಡವರು ಕಡಿಮೆ. ನಾನು ಒಂದೇ ಘಟನೆಯನ್ನು ಹೇಳುತ್ತೇನೆ, ಅವನು ಸಾಯುವ ಮುಂಚಿನ ವರ್ಷ, 1986ರಲ್ಲಿ, ಕೊನೆಯ ಪುಸ್ತಕದಲ್ಲಿ ಬರೆದದ್ದು. 1944ರ ಆಗಸ್ಟ್. ಬಿಸಿಲು, ಬಾಂಬು ಬಿದ್ದ ಕಟ್ಟಡಗಳ ಧೂಳು, ಕುಡಿಯಲು ನೀರಿಲ್ಲ. ನೆಲಮಾಳಿಗೆಯಲ್ಲಿ ಕಸ ತೆಗೆಯುತ್ತಿದ್ದಾಗ ಲೇವಿಗೆ ಗೋಡೆಯ ಪಕ್ಕ ಒಂದು ಕೊಳವೆ ಕಾಣಿಸಿತು, ಕೆಳಗೆ ಒಂದು ನಲ್ಲಿ. ಮಲಗಿ ಬಾಯಿಟ್ಟು ತಿರುಗಿಸಿದ, ನೀರು ತೊಟ್ಟಿಕ್ಕಿತು. ಒಟ್ಟು ಒಂದು ಲೀಟರ್ ಇದ್ದಿರಬಹುದು. ಕುಡಿದುಬಿಡುವುದೇ, ನಾಳೆಗೆ ಉಳಿಸುವುದೇ, ಗೆಳೆಯ ಆಲ್ಬೆರ್ತೊನಿಗೆ ಅರ್ಧ ಕೊಡುವುದೇ, ಇಡೀ ತಂಡಕ್ಕೆ ಹೇಳುವುದೇ? ಆಲ್ಬೆರ್ತೊನಿಗೆ ಹೇಳಿದ, ಇಬ್ಬರೂ ಕದ್ದು ಕುಡಿದರು. ಸಂಜೆ ಶಿಬಿರಕ್ಕೆ ಮರಳುವಾಗ ದಾನಿಯೇಲೆ ಎಂಬ ಇನ್ನೊಬ್ಬ ಜೊತೆಗಾರ ಪಕ್ಕದಲ್ಲಿ ನಡೆಯುತ್ತಿದ್ದ. ತುಟಿ ಒಡೆದಿತ್ತು, ಮುಖವೆಲ್ಲ ಸಿಮೆಂಟಿನ ಧೂಳು. ಅವನು ಇಬ್ಬರು ಗೋಡೆಯ ಪಕ್ಕ ಮಲಗಿದ್ದನ್ನು ಕಂಡಿದ್ದ, ಆಮೇಲೆ ಊಹಿಸಿಕೊಂಡ. ಬಿಡುಗಡೆಯಾಗಿ ತಿಂಗಳುಗಳಾದ ಮೇಲೆ ಮುಖಕ್ಕೆ ಮುಖ ಕೊಟ್ಟು ಕೇಳಿದ: ನೀವಿಬ್ಬರು ಮಾತ್ರ ಏಕೆ, ನಾನೇಕಿಲ್ಲ?

ಇಬ್ಬರೂ ಬದುಕಿ ಊರಿಗೆ ಬಂದರು, ಸ್ನೇಹಿತರಾಗಿಯೇ ಉಳಿದರು. ಆದರೆ ಆ ಒಂದು ಲೋಟ ನೀರು ಅವರ ನಡುವೆ ತೆರೆಯ ಹಾಗೆ ನಿಂತಿತು, ಕಾಣುವುದಿಲ್ಲ, ಇದೆ. ನಮ್ಮ ಕರ್ತನು ಒಂದು ಲೋಟ ತಣ್ಣೀರಿನ ಬಗ್ಗೆ ಹೇಳಿದ್ದನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಕೊಟ್ಟ ನೀರಿಗೆ ಫಲವಿದ್ದ ಹಾಗೆ ಕೊಡದ ನೀರಿಗೂ ಲೆಕ್ಕವಿದೆ ಎಂಬುದನ್ನು ಈ ದೇವರಿಲ್ಲದ ಮನುಷ್ಯ ನನಗೆ ತೋರಿಸಿಕೊಟ್ಟ. ಹಿಮದಲ್ಲಿ ಸತ್ತ ಹುಡುಗರ ವಿಷಯಕ್ಕೂ ಇದಕ್ಕೂ ಅಳತೆಯಲ್ಲಿ ಆಕಾಶ ಭೂಮಿಯ ಅಂತರ. ಆದರೂ ವಯಸ್ಸಾದಂತೆ ಎರಡೂ ಅವನಿಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದವು: ನನ್ನ ಬದುಕು ಯಾರ ಜಾಗದಲ್ಲಿ ಬದುಕಿದ ಬದುಕು? ತನ್ನ ತಮ್ಮನಿಗೆ ತಾನು ಕಾಯಿನನಾದೆನೇ ಎಂಬ ಗುಮಾನಿ ಪ್ರತಿಯೊಬ್ಬನಲ್ಲೂ ಗೆದ್ದಲಿನ ಹಾಗೆ ಕೊರೆಯುತ್ತದೆ ಎಂಬರ್ಥದಲ್ಲಿ ಅವನು ಬರೆದಿದ್ದಾನೆ. ಆದಿಕಾಂಡ ಅವನಿಗೂ ಗೊತ್ತಿದ್ದ ಪುಸ್ತಕವೇ.

ಭಕ್ತರಾದ ನಮಗೆ ನುಂಗಲು ಕಷ್ಟವಾದ ಎರಡು ಸಂಗತಿಗಳನ್ನು ನಾನು ಮುಚ್ಚಿಡುವುದಿಲ್ಲ. 1944ರ ಅಕ್ಟೋಬರಿನಲ್ಲಿ ಶಿಬಿರದಲ್ಲಿ ಸಾಯುವವರ ಆಯ್ಕೆ ನಡೆಯಿತು. ಅದು ಮುಗಿದ ರಾತ್ರಿ ಕೂನ್ ಎಂಬ ಮುದುಕ ತಾನು ಉಳಿದದ್ದಕ್ಕೆ ಗಟ್ಟಿಯಾಗಿ ದೇವರಿಗೆ ಸ್ತೋತ್ರ ಹೇಳುತ್ತಿದ್ದ. ಪಕ್ಕದ ಮಂಚದಲ್ಲಿ 20 ವರ್ಷದ ಬೆಪ್ಪೊ, ನಾಡಿದ್ದು ಸಾಯುವವನು, ದೀಪವನ್ನೇ ನೋಡುತ್ತಾ ಮಲಗಿದ್ದ. ತಾನು ದೇವರಾಗಿದ್ದರೆ ಆ ಪ್ರಾರ್ಥನೆಯನ್ನು ಉಗಿದುಬಿಡುತ್ತಿದ್ದೆ ಎಂದು ಲೇವಿ ಬರೆದ. ಕೆಟ್ಟ ಮಾತೆಂದು ಪುಸ್ತಕ ಮುಚ್ಚುವವರು ಮುಚ್ಚಲಿ. ನಮ್ಮ ಕಾರ್ಖಾನೆಗಳಲ್ಲಿ ಆಳು ಕಡಿತದ ಪಟ್ಟಿ ಹಚ್ಚಿದ ದಿನ, ತನ್ನ ಹೆಸರಿಲ್ಲವೆಂದು ಸಾಕ್ಷಿ ಹೇಳುವವನ ಹಿಂದಿನ ಬೆಂಚಿನಲ್ಲೇ ಹೆಸರಿದ್ದವನು ಕೂತಿರುತ್ತಾನೆ. ಅವನಿಗೆ ಆ ಸ್ತೋತ್ರ ಹೇಗೆ ಕೇಳಿಸೀತು?

ಎರಡನೆಯದು. ಅವನು ಊರಿಗೆ ಮರಳಿದ ಮೇಲೆ, ವಯಸ್ಸಿನಲ್ಲಿ ಹಿರಿಯನಾದ, ದೈವಭಕ್ತನಾದ ಗೆಳೆಯನೊಬ್ಬ ಬಂದು, ನೀನು ಉಳಿದದ್ದು ಆಕಸ್ಮಿಕವಲ್ಲ, ಇದನ್ನೆಲ್ಲ ಬರೆಯಲಿ ಎಂದು ದೇವರೇ ನಿನ್ನನ್ನು ಉಳಿಸಿದ ಎಂದ. ಪ್ರೀತಿಯಿಂದ ಹೇಳಿದ ಮಾತು. ಲೇವಿಗೆ ಅದು ಘೋರವಾಗಿ ಕೇಳಿಸಿತು. ಹಾಗಾದರೆ ಸತ್ತವರು ಯಾರಿಗೂ ಬೇಡವಾದವರೇ? ತನಗಿಂತ ಒಳ್ಳೆಯವರು, ಹಂಚಿ ತಿಂದವರು ಸತ್ತರು, ಅವರ ಒಳ್ಳೆಯತನವೇ ಅವರನ್ನು ಕೊಂದಿತು ಎಂದು ಅವನು ಕಣ್ಣಾರೆ ಕಂಡಿದ್ದ. ಸಾವಿನ ಮನೆಗೆ ಹೋದಾಗ ನಾವೂ ದೇವರ ಚಿತ್ತ ಎಂದು ಬೇಗ ಹೇಳಿ ಎದ್ದುಬರುತ್ತೇವೆ. ಸುಮ್ಮನೆ ಕೂರುವುದೇ ಎಷ್ಟೋ ಸಲ ಮೇಲು. ಯೋಬನ ಸ್ನೇಹಿತರು ಮೊದಲ ಏಳು ದಿನ ಮಾಡಿದ ಸೇವೆಯೇ ಅವರ ಒಳ್ಳೆಯ ಸೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ಶ್ರಮಿಕ ಬಳಗಕ್ಕೆ ಅನ್ಯಾಯವಾಗುತ್ತದೆ. ಏಕೆಂದರೆ ಲೇವಿಯನ್ನು ಉಳಿಸಿದವನು ಒಬ್ಬ ಗಾರೆ ಕೆಲಸದವನು. ಲೊರೆಂಜೊ ಪೆರೋನೆ, ಟ್ಯೂರಿನ್‌ನಿಂದ ದೂರವಲ್ಲದ ಫೊಸ್ಸಾನೊ ಊರಿನವನು, 1904ರಲ್ಲಿ ಹುಟ್ಟಿದವನು. ಕೈದಿಯಲ್ಲ, ಇಟಲಿಯ ಗುತ್ತಿಗೆ ಕಂಪೆನಿಯೊಂದರ ಕೂಲಿಯಾಗಿ ಅಲ್ಲಿಗೆ ಬಂದಿದ್ದ. 1944ರ ಜೂನ್ ತಿಂಗಳಲ್ಲಿ ಗೋಡೆ ಕಟ್ಟುವ ಇಬ್ಬರ ಕೈಯಾಳಾಗಿ ಲೇವಿಯನ್ನು ಕಳಿಸಿದರು. ಗಾರೆಯ ಬಕೆಟ್ಟನ್ನು ಎತ್ತಲಾಗದೆ ಅರ್ಧ ಚೆಲ್ಲಿದ. ಇಂಥಾ ಜನರನ್ನು ಕಟ್ಟಿಕೊಂಡು ಇನ್ನೇನಾದೀತು ಎಂದು ಮೇಲಿದ್ದ ಮೇಸ್ತ್ರಿ ಜೊತೆಯವನೊಡನೆ ಗೊಣಗಿದ, ಲೇವಿಯ ಊರ ಕಡೆಯ ಆಡುಮಾತಿನಲ್ಲಿ! ಹೊಸೂರಿನ ಪಾಳಿಯಲ್ಲಿ ದಿನವೆಲ್ಲ ತಮಿಳು ಮಾತಾಡಿ, ಕ್ಯಾಂಟೀನಿನ ಸಾಲಿನಲ್ಲಿ ಯಾರೋ ಮನೆಯ ಕನ್ನಡದಲ್ಲಿ ಬೈದದ್ದು ಕೇಳಿ ತಿರುಗಿ ನೋಡಿದವರಿಗೆ ಆ ಕ್ಷಣ ಅರ್ಥವಾಗುತ್ತದೆ. ಆಶ್ವಿಟ್ಜ್‌ನಲ್ಲಿ ಜರ್ಮನ್ ಮಾತು ತಿಳಿಯದ ಇಟಲಿಯವರು ಬಂದ ಕೆಲವೇ ವಾರಗಳಲ್ಲಿ ಸಾಯುತ್ತಿದ್ದರು. ಭಾಷೆಯೇ ಅಲ್ಲಿ ಅನ್ನ.

ಅಂದಿನಿಂದ ಆರು ತಿಂಗಳು, ದಿನವೂ, ಲೊರೆಂಜೊ ತನ್ನ ಶಿಬಿರದ ಅಡುಗೆಮನೆಯಲ್ಲಿ ಮಿಕ್ಕ ಗಂಜಿಯನ್ನು ಒಂದು ಡಬ್ಬಿಯಲ್ಲಿ ತಂದು ಇಟ್ಟ. ಸಿಕ್ಕಿಬಿದ್ದಿದ್ದರೆ ಅವನೂ ಕೈದಿಯಾಗುತ್ತಿದ್ದ. ಅದರಲ್ಲಿ ಹಣ್ಣಿನ ಬೀಜಗಳಿರುತ್ತಿದ್ದವು, ಒಮ್ಮೆ ಗುಬ್ಬಿಯ ರೆಕ್ಕೆಯೂ ಇತ್ತು. ತೇಪೆ ಹಾಕಿದ ತನ್ನ ಸ್ವೆಟರನ್ನು ಕೊಟ್ಟ. ಊರಿಗೆ ಕಾಗದ ಬರೆದ, ಉತ್ತರವನ್ನೂ ತಂದುಕೊಟ್ಟ. ಒಂದು ದಿನ ಗಂಜಿಯಲ್ಲಿ ಮಣ್ಣು ಕಲ್ಲು ಸೇರಿದ್ದವು. ಕ್ಷಮಿಸು, ಕೊಳೆಯಾಗಿದೆ ಎಂದಷ್ಟೇ ಹೇಳಿದ. ಹತ್ತಿರದಲ್ಲೇ ಬಾಂಬು ಬಿದ್ದು ಅವನ ಕಿವಿಯ ತಮಟೆ ಹರಿದಿತ್ತೆಂಬುದು ಲೇವಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ. ಪ್ರತಿಫಲವೆಂದು ಏನನ್ನೂ ಬಯಸಲಿಲ್ಲ, ಲೇವಿಗೆ ಮಾತ್ರ ಕೊಡುತ್ತಿದ್ದವನೂ ಅಲ್ಲ. ಇನ್ನೊಂದು ವಿಷಯ ನಮ್ಮ ಗಾರೆ ಕೆಲಸದ ಸಹೋದರರಿಗಾಗಿ. ಲೊರೆಂಜೊನಿಗೆ ಜರ್ಮನರೆಂದರೆ, ಅವರ ಊಟ, ಮಾತು, ಯುದ್ಧವೆಂದರೆ ಮೈಯುರಿ. ಆದರೂ ಬಾಂಬಿನಿಂದ ರಕ್ಷಣೆಗೆಂದು ಅವರು ಕಟ್ಟಿಸಿದ ಗೋಡೆಯನ್ನು ಅವನು ನೂಲುಗುಂಡು ಹಿಡಿದ ಹಾಗೆ ನೆಟ್ಟಗೆ, ಇಟ್ಟಿಗೆಗೆ ಇಟ್ಟಿಗೆ ಕಚ್ಚಿಸಿ ಕಟ್ಟುತ್ತಿದ್ದ. ಹೆದರಿ ಅಲ್ಲ, ಸೊಟ್ಟ ಗೋಡೆ ಕಟ್ಟಲು ಅವನ ಕೈಗೆ ಬರುತ್ತಿರಲಿಲ್ಲ. ಶತ್ರುವಿಗೆ ಒಳ್ಳೆಯ ಗೋಡೆ ಕಟ್ಟಿದ್ದು ಸರಿಯೋ ತಪ್ಪೋ ಎಂದು ಲೇವಿ ಬಹಳ ಯೋಚಿಸಿದ. ನೀವೂ ಊಟದ ಹೊತ್ತಿಗೆ ಚರ್ಚೆ ಮಾಡಿ, ಎರಡೂ ಕಡೆಗೆ ಮಾತಿದೆ.

1945ರ ಜನವರಿಯಲ್ಲಿ ಲೇವಿ ಸೋಂಕುಜ್ವರದಿಂದ ಶಿಬಿರದ ಆಸ್ಪತ್ರೆಯಲ್ಲಿದ್ದ. ನಡೆಯಬಲ್ಲವರನ್ನೆಲ್ಲ ಜರ್ಮನರು ಹಿಮದಲ್ಲಿ ನಡೆಸಿಕೊಂಡು ಹೋದರು. ಆಲ್ಬೆರ್ತೊ ಆ ದಾರಿಯಿಂದ ಮರಳಲಿಲ್ಲ. ರೋಗಿಗಳನ್ನು ಬಿಟ್ಟುಹೋದರು. 27ರಂದು ರಷ್ಯದ ಸೈನ್ಯ ಬಂತು. ಬೆಟ್ಟದಲ್ಲಿ ಜೊತೆಗೆ ಸಿಕ್ಕಿಬಿದ್ದಿದ್ದ ವಾಂದಾಳನ್ನು ಅದಾಗಲೇ ಅಕ್ಟೋಬರಿನಲ್ಲಿ ವಿಷಾನಿಲದ ಕೋಣೆಗೆ ಕಳಿಸಿ ಕೊಂದಿದ್ದರು. ಲೇವಿ ಅಕ್ಟೋಬರ್ 19ರಂದು ಮನೆ ಸೇರಿದ. ಆಮೇಲೆ ಸುಮಾರು 30 ವರ್ಷ ಟ್ಯೂರಿನ್ ಹೊರವಲಯದ ಒಂದು ಬಣ್ಣದ ಕಾರ್ಖಾನೆಯಲ್ಲಿ ದುಡಿದ, ಕೊನೆಗೆ ಅದರ ಮೇಲ್ವಿಚಾರಕನಾದ. ಸಂಜೆ, ಭಾನುವಾರಗಳಲ್ಲಿ ಬರೆದ.

ನೆನಪಿನ ಕುರಿತೇ ಅವನು ಒಂದು ಎಚ್ಚರಿಕೆ ಕೊಟ್ಟಿದ್ದಾನೆ. ಒಂದು ಕಥೆಯನ್ನು ಮತ್ತೆ ಮತ್ತೆ ಹೇಳಿದರೆ ಅದು ಗಟ್ಟಿಕಟ್ಟಿ, ನಯವಾಗಿ, ನಿಜವಾದ ನೆನಪಿನ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಅಪರಾಧಿಗಳು ಮೊದಮೊದಲು ತಿಳಿದೇ ಸುಳ್ಳು ಹೇಳುತ್ತಾರೆ, ಹೇಳುತ್ತಾ ಹೇಳುತ್ತಾ ಅದನ್ನೇ ನಂಬುತ್ತಾರೆ. ಬಾಧೆಪಟ್ಟವರ ನೆನಪೂ ಜರಡಿ ಹಿಡಿದದ್ದೇ. ಶಾಲೆಶಾಲೆಗೆ ಹೋಗಿ ಶಿಬಿರದ ಕಥೆ ಹೇಳುತ್ತಿದ್ದ ಲೇವಿ, ಬೆಟ್ಟದ ಆ ಗುಟ್ಟನ್ನು ಮಾತ್ರ ಹಾಗೆ ನಯಮಾಡಲು ಬಿಡಲಿಲ್ಲ. ಕೆಲವೇ ಸಾಲು ಹೇಳಿದ, ಮತ್ತೆ ಅದನ್ನು ಬೆಳೆಸಲಿಲ್ಲ. ಅದು ಪ್ರಾಮಾಣಿಕತೆಯೋ ಅಂಜಿಕೆಯೋ? ಸ್ವಲ್ಪ ಎರಡೂ ಇರಬೇಕೆಂದು ನನಗೆ ತೋರುತ್ತದೆ.

1987ರ ಏಪ್ರಿಲ್ 11ರಂದು ಅವನು ಹುಟ್ಟಿ ಬೆಳೆದ ಮನೆಯ ಮೆಟ್ಟಿಲ ಕಡೆಯಿಂದ ಬಿದ್ದು ಸತ್ತ. ತಾನೇ ಬಿದ್ದನೆಂದು ಅಧಿಕಾರಿಗಳ ತೀರ್ಮಾನ. ಒಪ್ಪದ ಸ್ನೇಹಿತರೂ ಇದ್ದಾರೆ. ಅದನ್ನು ಕೆದಕುವುದು ನಮ್ಮ ಕೆಲಸವಲ್ಲ.

ಲೊರೆಂಜೊನ ಕೊನೆಯನ್ನು ಹೇಳಬೇಕು. ಅವನು ಆಶ್ವಿಟ್ಜ್‌ನಿಂದ ಇಟಲಿಯವರೆಗೆ ನಡೆದೇ ಬಂದ, ಸುಮಾರು ನಾಲ್ಕು ತಿಂಗಳು. ದಾರಿಯಲ್ಲಿ ಟ್ಯೂರಿನ್‌ಗೆ ಹೋಗಿ ಲೇವಿಯ ತಾಯಿಯನ್ನು ಕಂಡು, ಮಗ ಬದುಕಿರುವ ಆಸೆ ಇಟ್ಟುಕೊಳ್ಳಬೇಡಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸುಳ್ಳು ಹೇಳಿ ಸಮಾಧಾನಪಡಿಸುವುದು ಅವನಿಗೆ ತಿಳಿದಿರಲಿಲ್ಲ. ಲೇವಿ ಮರಳಿದ ಮೇಲೆ ಫೊಸ್ಸಾನೊಗೆ ಹೋದಾಗ ಬೇರೆಯೇ ಮನುಷ್ಯನನ್ನು ಕಂಡ. ಗಾರೆ ಕೆಲಸ ಬಿಟ್ಟಿದ್ದ, ಹಳೆ ಕಬ್ಬಿಣ ಕೊಂಡು ಮಾರುತ್ತಿದ್ದ, ಕುಡಿಯುತ್ತಿದ್ದ, ಸಿಕ್ಕಿದಲ್ಲಿ ಮಲಗುತ್ತಿದ್ದ. ಟ್ಯೂರಿನ್‌ನಲ್ಲಿ ಕೆಲಸ ಕೊಡಿಸುತ್ತೇನೆಂದರೆ ಒಲ್ಲೆನೆಂದ. ಯಾರಿಗೂ ಕೆಡುಕು ಮಾಡದವನು, ಕಂಡದ್ದನ್ನು ಮರೆಯಲಾರದೆ ಬದುಕಿನ ಮೇಲೆ ಆಸೆ ಕಳೆದುಕೊಂಡಿದ್ದ. ಕ್ಷಯ ಹಿಡಿದಾಗ ಲೇವಿ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಕುಡಿಯಲು ಕೊಡಲಿಲ್ಲವೆಂದು ಓಡಿಹೋದ. 1952ರ ಏಪ್ರಿಲಿನಲ್ಲಿ ಸತ್ತ. ಬೆಟ್ಟದಲ್ಲಿ ಸತ್ತ ಹುಡುಗನ ಬಾಯಲ್ಲಿ ಪದ್ಯ ಬರೆದದ್ದು ಅದೇ ವರ್ಷ, ಆರು ತಿಂಗಳ ಮೇಲೆ.

1998ರಲ್ಲಿ ಜೆರೂಸಲೇಮಿನ ಯಾದ್ ವಶೇಮ್ ಸಂಸ್ಥೆ ಯೆಹೂದ್ಯರನ್ನು ಉಳಿಸಿದ ನೀತಿವಂತರ ಸಾಲಿನಲ್ಲಿ ಲೊರೆಂಜೊನ ಹೆಸರನ್ನು ಸೇರಿಸಿತು. ಲೇವಿ ಅದಕ್ಕೆ ಮುಂಚೆಯೇ ತನ್ನದೇ ರೀತಿಯಲ್ಲಿ ಸೇರಿಸಿದ್ದ: 1948ರಲ್ಲಿ ಹುಟ್ಟಿದ ಮಗಳಿಗೆ ಲೀಸಾ ಲೊರೆಂಜಾ ಎಂದೂ, 1957ರಲ್ಲಿ ಹುಟ್ಟಿದ ಮಗನಿಗೆ ರೆಂಜೊ ಎಂದೂ ಹೆಸರಿಟ್ಟ. ಫುಲ್ವಿಯೊ, ಲೂಚಿಯಾನೊ ಎಂಬ ಹೆಸರುಗಳು 'ಚಿನ್ನ'ದ ಆ ಪುಟದಲ್ಲಿಲ್ಲ.